ಎರಡು ಚರಣ ಸಾಕು ಅನ್ನೋರಿಗೆ...

ನಮ್ಮ ಆಫೀಸಿನ ರಾಜ್ಯೋತ್ಸವಕ್ಕೆ ಹುಡುಗರೆಲ್ಲ ಸೇರಿ ನಾಡಗೀತೆ ಹಾಡಿ ರೆಕಾರ್ಡ್ ಮಾಡಿದ್ವಿ. ಐದು ನಿಮಿಷ ಚಿಲ್ಲರೆ ಬಂತು. ಕಾರ್ಯಕ್ರಮದ ಉಸ್ತುವಾರಿ ಹೊತ್ತ ಮಹಾಶಯರು ಕೇಳಿ, "ತುಂಬಾ ಉದ್ದ ಆಯ್ತು ಗುರೂ, ಮೊದಲ ಚರಣ, ಕೊನೇ ಚರಣ ಇಟ್ಕೊಂಡು ಮಧ್ಯದ್ದೆಲ್ಲ ಎಗರಿಸಿಬಿಡು" ಅಂದ್ರು. ಆಡಾಸಿಟಿ ಗೊತ್ತಿರೋ ತಪ್ಪಿಗೆ ಕತ್ತರಿ ನನ್ನ ಕೈಗೆ ಬಂತು.

ಮಧ್ಯದ್ದು ಅಂದ್ರೆ ಏನು ಅಂತ ಅವರು ಒಂದು ಸಲ ಓದಿದ್ರಾ? ಕುವೆಂಪು ಬರೆದದ್ದು ಹೆಸರುಗಳ ಮಾಲೆ. ಅಲ್ಲಿ ಪಂಪ, ಜನ್ನ, ಷಡಕ್ಷರಿ ಇದ್ದಾರೆ. ಹೊಯ್ಸಳರಿದ್ದಾರೆ, ಜಕಣಾಚಾರಿ ಇದ್ದಾನೆ, ಕಬೀರ ಇದ್ದಾನೆ. ಇಂಥ ಹಾಡಲ್ಲಿ ಒಂದು ಚರಣ ಬಿಡೋದು ಅಂದ್ರೆ ಸಮಯ ಉಳಿಸೋದಲ್ಲ, ಯಾರನ್ನು ಮನೆಯಿಂದ ಆಚೆ ಹಾಕ್ತೀವಿ ಅಂತ ತೀರ್ಮಾನ ಮಾಡೋದು. ಬೆಂಗಳೂರಲ್ಲಿ ನಲ್ಲಿ ತಿರುಗಿಸಿದ್ರೆ ಬರೋ ಕಾವೇರಿಯೂ ಆ 'ಮಧ್ಯದ್ದ'ರಲ್ಲೇ ಇದ್ದಾಳೆ ಸ್ವಾಮಿ! ನೀರು ಬೇಕು, ಹೆಸರು ಬೇಡ :)

ಸರಿ, ನಿಜವಾಗ್ಲೂ ಸಮಯ ಎಲ್ಲಿ ಹೋಗ್ತಿದೆ ಅಂತ ಫೈಲ್ ತೆರೆದು ಗುರುತು ಹಾಕ್ತಾ ಹೋದೆ. ಶುರುವಲ್ಲಿ ಆಲಾಪ. ಪ್ರತಿ ಚರಣದ ನಡುವೆ ಕೀಬೋರ್ಡು, ಕೊಳಲು. ಒಂದೊಂದು ಸಾಲೂ ಎರಡೆರಡು ಸಲ. ಪ್ರತಿ ಚರಣ ಮುಗಿದ ಮೇಲೆ ಮತ್ತೆ ಪೂರ್ತಿ ಪಲ್ಲವಿ. ಇದನ್ನೆಲ್ಲ ತೆಗೆದು ನೋಡಿದ್ರೆ ಎಲ್ಲ ಚರಣಗಳೂ ಸೇರಿ ಉಳಿದದ್ದು ಮೂರು ನಿಮಿಷಕ್ಕೂ ಕಡಿಮೆ! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಲಾಸ್‌ಲೆಸ್ ಕಂಪ್ರೆಶನ್. ಪುನರಾವರ್ತನೆ ಹೋಯ್ತು, ಮಾಹಿತಿ ಒಂದು ಬಿಟ್ಟೂ ಹೋಗಿಲ್ಲ.

ಇದೇನು ನಾನು ಕಂಡುಹಿಡಿದ ಮಹಾವಿದ್ಯೆ ಅಲ್ಲ. 2004ರಲ್ಲಿ ಇದು ನಾಡಗೀತೆ ಆದಾಗಿನಿಂದ ಎಷ್ಟು ಹೊತ್ತು ಹಾಡಬೇಕು, ಯಾವ ಧಾಟಿ ಅಂತ ವರ್ಷಗಟ್ಟಲೆ ಜಗಳ ನಡೀತು. ಕೆಲವು ಸಾಲು ಬಿಟ್ಟುಬಿಡೋಣ ಅನ್ನೋ ವಾದವೂ ಬಂತು. ಕೊನೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, ಪೂರ್ಣ ಪಾಠವನ್ನ 2 ನಿಮಿಷ 30 ಸೆಕೆಂಡಲ್ಲಿ ಹಾಡಬೇಕು ಅಂತ ಆದೇಶ ಹೊರಡಿಸಿತು. ಧಾಟಿಯ ಬಗ್ಗೆ ತಕರಾರು ಇರಬಹುದು. ಆದ್ರೆ ಕತ್ತರಿ ಬಿದ್ದಿದ್ದು ಸರಿಯಾದ ಜಾಗಕ್ಕೆ.

"ಜನ ಗಣ ಮನಕ್ಕೂ ಐದು ಚರಣ ಇದೆ, ಒಂದೇ ಹಾಡಲ್ವಾ?" ಅಂತ ಕೇಳಿದ್ರು ಒಬ್ಬರು. ಹೌದು. ಆದ್ರೆ ಅದು 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ಬಹಿರಂಗವಾಗಿ ಘೋಷಣೆಯಾದದ್ದು. ಮಧ್ಯಾಹ್ನದ ಬಿರಿಯಾನಿ ತಣ್ಣಗಾಗುತ್ತೆ ಅಂತ ಮಾಡಿದ್ದಲ್ಲ.

ಹಾಗಂತ ಚರಣ ಮುಟ್ಟಲೇಬಾರದು ಅನ್ನೋ ಮಡಿವಂತಿಕೆ ನನಗಿಲ್ಲ. 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಅಷ್ಟೇ ಜಾಗ ಇದ್ದಾಗ ನಮ್ಮ ಗಾಯಕರು ಬಿಡಲೇಬೇಕಾಗ್ತಿತ್ತು. ದಾಸರ ಪದ ಹಾಡೋರು ಈಗಲೂ ಒಂದೆರಡು ಚರಣ ಬಿಡ್ತಾರೆ. ಆದ್ರೆ ಅಂಕಿತ ಇರೋ ಕೊನೇ ಚರಣ ಬಿಡೋದಿಲ್ಲ, ಯಾಕಂದ್ರೆ ಪದ ಯಾರದ್ದು ಅಂತ ಹೇಳೋದೇ ಅದು. ಅಂದ್ರೆ ಬಿಡೋಕೂ ಒಂದು ವಿವೇಕ ಬೇಕು. ಮೊದಲು ಓದಬೇಕು, ಆಮೇಲೆ ಕತ್ತರಿ ಹಿಡೀಬೇಕು. ನಾವು ಮಾಡ್ತಿರೋದು ಉಲ್ಟಾ. ಮೊದಲು ಗಡಿಯಾರ ನೋಡ್ತೀವಿ.

ಆ ರಾತ್ರಿ ಎರಡು ಗಂಟೆವರೆಗೂ ಕೂತು ಆಲಾಪ, ವಾದ್ಯದ ತುಣುಕು, ಎರಡನೇ ಸಲದ ಸಾಲುಗಳನ್ನೆಲ್ಲ ತೆಗೆದೆ. ಎಲ್ಲೆಂದರಲ್ಲಿ ಕತ್ತರಿಸಿದ್ರೆ ತಾಳ ಎಡವುತ್ತೆ, ಆವರ್ತನ ಮುಗಿಯೋ ಕಡೆಯೇ ಕೊಯ್ಯಬೇಕು, ಇಲ್ಲಾಂದ್ರೆ 'ಟಪ್' ಅಂತ ಸದ್ದು ಬೇರೆ. ಫೈಲ್ ಕಳಿಸಿ, "ಚಿಕ್ಕದು ಮಾಡಿದೀನಿ" ಅಂತಷ್ಟೇ ಬರೆದೆ.

ನವೆಂಬರಲ್ಲಿ ಎಲ್ಲ ಎದ್ದು ನಿಂತು ಹಾಡಿದ್ರು. ಉಸ್ತುವಾರಿಯವರು ಬಂದು ಬೆನ್ನು ತಟ್ಟಿದ್ರು. "ನೋಡಿದ್ಯಾ, ಎರಡು ಚರಣಕ್ಕೆ ಎಷ್ಟು ಚೊಕ್ಕವಾಗಿ ಮುಗೀತು!"

ಒಂದು ಚರಣವೂ ಬಿಟ್ಟಿಲ್ಲ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇಷ್ಟು ವರ್ಷ ಎದ್ದು ನಿಂತು ಅವರು ಕೇಳಿದ್ದಾದ್ರೂ ಏನನ್ನ?