ಮುಖವಿಲ್ಲದವನ ಚಿತ್ರಕ್ಕಾಗಿ ಕಾದದ್ದು

ಫಿಲಿಪ್ ಕೆ. ಡಿಕ್ ಅವರ ವೈಜ್ಞಾನಿಕ ಕಾದಂಬರಿ 'ಎ ಸ್ಕ್ಯಾನರ್ ಡಾರ್ಕ್ಲಿ' (1977) ಚಲನಚಿತ್ರವಾಗುತ್ತಿದೆಯೆಂಬ ಸುದ್ದಿ ಬಂದಾಗ ಅನೇಕರು ಮೂಗು ಮುರಿದರು. ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್ ನಟರ ಅಭಿನಯವನ್ನು ಮೊದಲು ಕ್ಯಾಮೆರಾದಲ್ಲಿ ಸೆರೆಹಿಡಿದು, ಅದರ ಮೇಲೆ ಕಲಾವಿದರಿಂದ ಗಣಕಯಂತ್ರದಲ್ಲಿ ಚಿತ್ರ ಬರೆಸುವವರಿದ್ದರು. ಕೀಯಾನು ರೀವ್ಸ್‌ನಂಥ ನಟನಿರುವಾಗ ಈ ಬಣ್ಣದ ಮುಸುಕೇಕೆ ಎಂಬುದು ಆಕ್ಷೇಪ. ನನಗಾದರೋ ಆ ಮುಸುಕಿನಿಂದಲೇ ನಿರೀಕ್ಷೆ ಇಮ್ಮಡಿಸಿತು.

ಕಥೆಯನ್ನು ಬಲ್ಲವರಿಗೆ ಕಾರಣ ಹೊಳೆದೀತು. ಮಾದಕವಸ್ತು ಜಾಲವನ್ನು ಭೇದಿಸಹೊರಟ ಗುಪ್ತ ಪೊಲೀಸನೊಬ್ಬ ಕಚೇರಿಯಲ್ಲಿ ವಿಚಿತ್ರ ಉಡುಪು ತೊಡುತ್ತಾನೆ. ಅದರ ಮೇಲೆ ಅಸಂಖ್ಯ ಜನರ ಮುಖಗಳ ತುಣುಕುಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ಮೇಲಧಿಕಾರಿಗೂ ಅವನ ಗುರುತಿಲ್ಲ. ಕೊನೆಗೆ ತನ್ನ ಮೇಲೆಯೇ ಕಣ್ಣಿಡಬೇಕೆಂಬ ಆಜ್ಞೆ! ತಾನೂ ಸೇವಿಸುವ ಮದ್ದಿನಿಂದ ಮಿದುಳು ಹೋಳಾಗಿ, ನೋಡುವವನೂ ನೋಡಿಸಿಕೊಳ್ಳುವವನೂ ಒಬ್ಬನೇ ಎಂಬುದು ಅವನಿಗೇ ಮರೆತುಹೋಗುತ್ತದೆ. ಇದನ್ನು ಬರಿಯ ಕ್ಯಾಮೆರಾ ತೋರಿಸಿದ್ದರೆ ವೇಷಗಾರಿಕೆಯಾಗುತ್ತಿತ್ತು. ರೇಖೆಗಳು ನಿಂತಲ್ಲಿ ನಿಲ್ಲದ ಚಿತ್ರದಲ್ಲಿ ಉಡುಪಿಲ್ಲದಾಗಲೂ ಮುಖ ನಂಬಿಕೆಗೆ ದಕ್ಕದು.

ವಿಧಾನವೇನೂ ಹೊಸದಲ್ಲ. ಮ್ಯಾಕ್ಸ್ ಫ್ಲೈಷರ್ 1917ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಲಿಂಕ್ಲೇಟರ್ ಕೂಡ 'ವೇಕಿಂಗ್ ಲೈಫ್' (2001) ಚಿತ್ರದಲ್ಲಿ ಬಳಸಿದ್ದರು. 2004ರಲ್ಲಿ ಚಿತ್ರೀಕರಣ ಮುಗಿದರೂ ಬಿಡಿಸುವ ಕೆಲಸ ವರ್ಷಕ್ಕೂ ಮಿಕ್ಕಿ ನಡೆಯಿತು. ಬಿಡುಗಡೆ 2006ಕ್ಕೆ ಸರಿಯಿತು. ಬಂದ ಚಿತ್ರದಲ್ಲಿ ಗೆಳೆಯರ ಹರಟೆ ತುಸು ದೀರ್ಘವೇ, ನಿಜ.

ವ್ಯಸನದಿಂದ ನಾಶವಾದ ತನ್ನ ಮಿತ್ರರ ಪಟ್ಟಿಯನ್ನು ಡಿಕ್ ಕಾದಂಬರಿಯ ಕೊನೆಯಲ್ಲಿ ಕೊಟ್ಟು, ಅದರಲ್ಲಿ ತನ್ನ ಹೆಸರನ್ನೂ ಸೇರಿಸಿದ್ದರು. 1982ರಲ್ಲಿ ತೀರಿಕೊಂಡ ಅವರು ಈ ಚಿತ್ರವನ್ನು ಕಾಣಲಿಲ್ಲ. ಲಿಂಕ್ಲೇಟರ್ ಆ ಪಟ್ಟಿಯನ್ನು ಕಿರಿದುಗೊಳಿಸಿಯಾದರೂ ಕೊನೆಯಲ್ಲಿ ಉಳಿಸಿಕೊಂಡಿದ್ದಾರೆ.