ಆ ಬೆಳಕಿನೊಳಗಿರೋ ಹೆಣ್ಣುಮಗಳ ಹೆಸರು ಹೆನ್ರಿಯೆಟಾ

ಇವತ್ತು ಸ್ವಲ್ಪ ವಿಜ್ಞಾನ ಮಾತಾಡೋಣ, ಬೇಸರ ಮಾಡ್ಕೋಬೇಡಿ.

ಕ್ಯಾನ್ಸರ್‌ಗೆ ಕೊಡೋ ರೇಡಿಯೇಶನ್, ಸಿಸ್‌ಪ್ಲಾಟಿನ್ ಥರದ ಔಷಧಿ ಜೀವಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಸ್ತುಗಳನ್ನ ಹೆಚ್ಚಿಸ್ತವೆ. ಕೋಶ ತಡ್ಕೊಳ್ಳೋ ಮಿತಿ ದಾಟಿದ್ರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಬದುಕಿರೋ ಕೋಶದಲ್ಲಿ ಇದನ್ನ ಅಳೆಯೋದು ಹೇಗೆ? 2006ರಲ್ಲಿ ಮಾಸ್ಕೋದ ವಿಜ್ಞಾನಿಗಳು ‘ಹೈಪರ್’ ಅನ್ನೋ ಸೆನ್ಸರ್ ಮಾಡಿದ್ರು. ಪೆರಾಕ್ಸೈಡ್ ಗುರುತಿಸೋ ಬ್ಯಾಕ್ಟೀರಿಯಾದ ಪ್ರೋಟೀನಿಗೆ ಹಳದಿ ಬೆಳಕು ಕೊಡೋ ಪ್ರೋಟೀನ್ ಕೂಡಿಸಿದ್ದು. ಇದರ ಜೀನ್ ಒಳಗೆ ಸೇರಿಸಿದ್ರೆ ಕೋಶವೇ ಸೆನ್ಸರ್ ತಯಾರಿಸ್ಕೊಳ್ಳುತ್ತೆ. ಪೆರಾಕ್ಸೈಡ್ ಏರಿದ್ರೆ ಬೆಳಕು ಬದಲಾಗೋದು ಮೈಕ್ರೋಸ್ಕೋಪಲ್ಲಿ ಕಾಣುತ್ತೆ. (ಆಮ್ಲೀಯತೆ ಬದಲಾದ್ರೂ ಬೆಳಕು ಬದಲಾಗುತ್ತೆ, ಹಂಗಾಗಿ ಅದನ್ನ ಬೇರೆ ಅಳೀಬೇಕು.) ನಿಜಕ್ಕೂ ಚಂದದ ಕೆಲಸ.

ಆದ್ರೆ ಪರೀಕ್ಷೆ ಮಾಡಿದ್ದು ಯಾರ ಕೋಶದಲ್ಲಿ? ‘ಹೀಲಾ’ ಕೋಶಗಳಲ್ಲಿ. ಆಮೇಲೆ ಸಿಸ್‌ಪ್ಲಾಟಿನ್ ಹಾಕಿ ನೋಡಿದ್ದೂ ಅದ್ರಲ್ಲೇ.

ಹೀಲಾ ಅಂದ್ರೆ ಹೆನ್ರಿಯೆಟಾ ಲ್ಯಾಕ್ಸ್. ವರ್ಜೀನಿಯಾದ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬೆಳೆದ ಕಪ್ಪು ಹೆಣ್ಣುಮಗಳು. 1951ರಲ್ಲಿ ಗರ್ಭಕಂಠದ ಕ್ಯಾನ್ಸರ್ ಅಂತ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಹೋದ್ರು. ಕಪ್ಪು ಜನಕ್ಕೆ ಬೇರೆ ವಾರ್ಡ್ ಇದ್ದ ಕಾಲ. ಗೆಡ್ಡೆಯ ಚೂರನ್ನ ಸಂಶೋಧನೆಗೆ ತಗೊಂಡ್ರು, ಆಕೆಯನ್ನ ಒಂದು ಮಾತು ಕೇಳ್ಲಿಲ್ಲ. ಅದೇ ವರ್ಷ 31ಕ್ಕೇ ತೀರಿಕೊಂಡ್ರು. ಕೋಶಗಳು ಲ್ಯಾಬಿನಿಂದ ಲ್ಯಾಬಿಗೆ ಬೆಳೀತಾನೇ ಹೋದ್ವು. ಮನೆಯವರಿಗೆ ಗೊತ್ತಾಗಿದ್ದು 1970ರ ದಶಕದಲ್ಲಿ. ಥರ್ಮೋ ಫಿಶರ್ ಕಂಪನಿ ಕುಟುಂಬದ ಜೊತೆ ರಾಜಿಗೆ ಬಂದಿದ್ದು 2023ರಲ್ಲಿ. 72 ವರ್ಷ ಕಣ್ರೀ!

ಅಮೆರಿಕದ ಕಥೆ ನಮಗ್ಯಾಕೆ ಅನ್ಬೇಡಿ. 1946ರಲ್ಲೇ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದಿದ್ರು. ಇನ್ನು ಇಲ್ಲಿ, 2009ರಲ್ಲಿ, ಇದೇ ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆಯ ಅಧ್ಯಯನ ಖಮ್ಮಂನಲ್ಲಿ ನಡೆದಾಗ ಎಷ್ಟೋ ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. ಲಸಿಕೆ ಒಳ್ಳೇದೇ, ನಮ್ಮ ಹೆಣ್ಣುಮಕ್ಕಳಿಗೂ ಬೇಕು. ಅಪ್ಪ ಅಮ್ಮನ್ನ ಕೇಳೋಕೇನಾಗಿತ್ತು?

ನಾನು ಸಂಶೋಧನೆ ನಿಲ್ಲಿಸಿ ಅಂತಿಲ್ಲ. ಚಿಕಿತ್ಸೆ ಸುಧಾರಿಸ್ಬೇಕಾದ್ರೆ ಇಂಥ ಸೆನ್ಸರ್ ಬೇಕೇ ಬೇಕು. ನಮ್ಮೋರ ಗೆಡ್ಡೆ, ರಕ್ತ ಸಂಶೋಧನೆಗೆ ತಗೊಳ್ಳೋರು ಒಪ್ಪಿಗೆ ಪತ್ರನ ಕನ್ನಡದಲ್ಲಿ ಓದಿ ಹೇಳ್ಲಿ. ‘ಬೇಡ’ ಅಂದ್ರೂ ಚಿಕಿತ್ಸೆ ನಿಲ್ಲಲ್ಲ ಅಂತಾನೂ ಹೇಳ್ಲಿ. ಲ್ಯಾಬಲ್ಲಿರೋ ನಮ್ಮ ಹುಡುಗ್ರು ಹುಡುಗೀರೇ, ಥೀಸಿಸ್‌ನಲ್ಲಿ ‘ಹೀಲಾ’ ಅಂತ ಬರೆದ ಕಡೆ ಆಕೆಯ ಪೂರ್ತಿ ಹೆಸರೂ ಬರೀರಿ. ಗೈಡ್ ಬೇಡ ಅಂದ್ರೆ, ಯಾಕೆ ಅಂತ ಕೇಳಿ.