‘ಕಾಡು ಚೆರ್ರಿ’ ಅಂದ್ರೆ ನಂಬಬೇಡಿ, ಮೊದಲು ಎಲೆಯ ತೊಟ್ಟು ನೋಡಿ

ಎರಡು ವರ್ಷದ ಹಿಂದೆ ಒಂದು ನರ್ಸರಿಯಿಂದ ‘ಕಾಡು ಚೆರ್ರಿ’ ಅಂತ ಇಪ್ಪತ್ತು ಸಸಿ ತಂದು ಬದುವಿನ ಮೇಲೆ ನೆಟ್ಟೆ. ಒಂದಕ್ಕೆ 150 ರೂಪಾಯಿ. ಗಿಡ ಸರಸರ ಬೆಳೆದು ಕೆಂಪು ಹಣ್ಣು ಬಿಡ್ತು. ಹಿಸುಕಿ ನೋಡಿದ್ರೆ ಒಳಗೆ ಓಟೆಯೇ ಇಲ್ಲ, ಬರೀ ಸಣ್ಣ ಸಣ್ಣ ಬೀಜ. ಅಜ್ಜಿ ನಕ್ಕುಬಿಟ್ಟರು: “ಇದು ಗಸಗಸೆ ಹಣ್ಣಿನ ಮರ ಕಣೋ! ಹಕ್ಕಿ ಹಿಕ್ಕೆಯಲ್ಲೇ ಹುಟ್ಟೋ ಗಿಡಕ್ಕೆ ದುಡ್ಡು ಕೊಟ್ಟು ಬಂದ್ಯಾ?”

ತಪ್ಪು ನನ್ನದೂ ಹೌದು. ಹೆಸರು ಕೇಳಿದೆ, ಮೊಬೈಲಿನಲ್ಲಿ ಒಂದು ಫೋಟೊ ನೋಡಿದೆ, ಎಲೆ ಮುಟ್ಟಿ ನೋಡಲಿಲ್ಲ. ನಮ್ಮಲ್ಲಿ ಚೆರ್ರಿ ಅನ್ನೋದು ಗಿಡದ ಹೆಸರಲ್ಲ, ಕೆಂಪು ಹಣ್ಣಿನ ಹೆಸರಾಗಿಬಿಟ್ಟಿದೆ. ಬೇಕರಿ ಕೇಕಿನ ಮೇಲಿನ ‘ಚೆರ್ರಿ’ ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕಟ್ಟಿದ ಕವಳಿ ಕಾಯಿ.

ಹಾಗಾದರೆ ನಿಜವಾದ ಚೆರ್ರಿ ಗುರುತಿಸೋದು ಹೇಗೆ? ಇದು ಪ್ರೂನಸ್ ಕುಲದ್ದು. ಬಾದಾಮಿ, ಪ್ಲಮ್, ಪೀಚ್ ಇದರ ದಾಯಾದಿಗಳು. ನೋಡಬೇಕಾದ್ದು ಇಷ್ಟು:

• ಎಲೆ: ರೆಂಬೆಯ ಮೇಲೆ ಒಂದಾದ ಮೇಲೊಂದು ಬರುತ್ತೆ, ಎದುರುಬದುರು ಅಲ್ಲ. ಅಂಚು ಗರಗಸದ ಹಲ್ಲಿನಂತೆ.
• ತೊಟ್ಟು: ಎಲೆ ಸೇರುವ ಜಾಗದ ಹತ್ತಿರ ಸಾಮಾನ್ಯವಾಗಿ ಎರಡು ಪುಟ್ಟ ಗಂಟು, ಅಂದರೆ ಗ್ರಂಥಿ ಇರುತ್ತವೆ.
• ತೊಗಟೆ: ಎಳೆ ಮರದಲ್ಲಿ ನುಣುಪು, ಮೇಲೆ ಅಡ್ಡಡ್ಡ ಗೀರು.
• ಹೂವು: ಬಿಳಿ ಅಥವಾ ಗುಲಾಬಿ, ಐದು ಎಸಳು.
• ಹಣ್ಣು: ಒಳಗೆ ಒಂದೇ ಒಂದು ಗಟ್ಟಿ ಓಟೆ.

ಗಸಗಸೆ ಮರದ ಎಲೆಗೂ ಹಲ್ಲಿದೆ, ಹೂವಿಗೂ ಐದು ಬಿಳಿ ಎಸಳಿದೆ. ಆದರೆ ಎಲೆ ಮುಟ್ಟಿದ್ರೆ ರೋಮ ರೋಮ, ಬುಡ ಒಂದು ಕಡೆ ಓರೆ. ಕವಳಿಗೆ ಮುಳ್ಳು, ಎದುರುಬದುರು ಎಲೆ, ಮುರಿದರೆ ಹಾಲು. ಒಂದೇ ಲಕ್ಷಣ ನೋಡಿ ತೀರ್ಮಾನಿಸಿದ್ರೆ ಮೋಸ ಹೋಗ್ತೀರಿ. ಮೂರ್ನಾಲ್ಕು ಸೇರಿಸಿ ನೋಡಿ.

ಇದು ಬರೀ ದುಡ್ಡಿನ ಮಾತಲ್ಲ. ನಿಜವಾದ ಕಾಡು ಚೆರ್ರಿಯ ಎಲೆಯಲ್ಲಿ, ಓಟೆಯೊಳಗಿನ ಬೀಜದಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಇರುತ್ತೆ. ಅಮೆರಿಕದಲ್ಲಿ ಬ್ಲ್ಯಾಕ್ ಚೆರ್ರಿ ಅನ್ನೋ ಮರ, ಚೋಕ್‌ಚೆರ್ರಿ ಅನ್ನೋ ಪೊದೆ ಬೇಲಿಸಾಲಲ್ಲೇ ಬೆಳೆಯುತ್ತವೆ. ಗಾಳಿಗೆ ರೆಂಬೆ ಮುರಿದು ಬಿದ್ದು ಎಲೆ ಬಾಡಿದಾಗ ಅದನ್ನು ತಿಂದ ದನ ಸಾಯೋದುಂಟು. ನಮಗಿದು ಹೊಸದಲ್ಲ: ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದ ದನ ಹೊಟ್ಟೆಯುಬ್ಬರದಿಂದಲ್ಲ, ಇದೇ ವಿಷದಿಂದ ಬೀಳೋದು. ಅದಕ್ಕೇ ಹೇಳ್ತೀನಿ, ಗುರುತು ಸಿಗದ ಗಿಡದ ಹಣ್ಣನ್ನು ಬಾಯಿಗೆ ಹಾಕಿ ಪರೀಕ್ಷೆ ಮಾಡಬೇಡಿ, ಸೊಪ್ಪನ್ನು ಕೊಟ್ಟಿಗೆಗೆ ಒಯ್ಯಬೇಡಿ.

ಇನ್ನೊಂದು ಮಾತು. ಹಣ್ಣಿನ ಚೆರ್ರಿಗೆ ಚಳಿಗಾಲದಲ್ಲಿ ನೂರಾರು ಗಂಟೆ ಗಡಗಡ ಚಳಿ ಬೇಕು. ಕಾಶ್ಮೀರ, ಹಿಮಾಚಲದಲ್ಲಿ ಅದು ಸಿಗುತ್ತೆ. ಹಿಮಾಲಯದ ಕಾಡು ಚೆರ್ರಿ ‘ಪದ್ಮಕ’ದ ಬೇರಿನ ಮೇಲೆ ಅಲ್ಲಿನ ರೈತರು ಚೆರ್ರಿ ಕಸಿ ಕಟ್ಟೋದೂ ಉಂಟು. ನಮ್ಮ ಬಯಲುಸೀಮೆಯಲ್ಲಿ ಆ ಚಳಿ ಎಲ್ಲಿಂದ ತರೋಣ?

ಆ್ಯಪ್ ಬಳಸಬೇಡಿ ಅನ್ನಲ್ಲ, ನಾನೂ ಬಳಸ್ತೀನಿ. ಆದರೆ ಹಣ್ಣಿನ ಒಂದೇ ಫೋಟೊ ಸಾಲದು. ಎಲೆಯ ಎರಡೂ ಮಗ್ಗುಲು, ತೊಟ್ಟು, ತೊಗಟೆ, ಹೂವು, ಕೊಯ್ದ ಹಣ್ಣು, ಎಲ್ಲದರ ಫೋಟೊ ತೆಗೆದು ತಿಳಿದವರಿಗೆ ತೋರಿಸಿ. ಆಮೇಲೆ ದುಡ್ಡು ಕೊಡಿ.

ನನ್ನ ಗಸಗಸೆ ಮರಗಳನ್ನು ಕಡಿದಿಲ್ಲ. ನೆರಳಿದೆ, ಹಕ್ಕಿ ಬರ್ತವೆ, ಮಕ್ಕಳು ತಿಂತಾರೆ. ಮೂರು ಸಾವಿರ ರೂಪಾಯಿಗೆ ಕಲಿತ ಪಾಠ. ನಿಮಗೆ ಪುಕ್ಕಟೆ ಸಿಗಲಿ.